ಬಲಗಡೆಯ ಹೆಜ್ಜೆ ಸಪ್ಪಳ

ಮಾಮನ ಎಡಗಿವಿಯ ಅಂಚಿನಲ್ಲಿ ಸದಾ ಅಡಿಕೆಯ ಕೆಂಪು ಧೂಳು ಕೂತಿರುತ್ತಿತ್ತು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದರೂ ಅದು ಹೋಗುತ್ತಿರಲಿಲ್ಲ. ನನ್ನ ತಾಯಿಯ ಅಣ್ಣ ಅವರು. ಚನ್ನಗಿರಿಯ ಮಂಡಿಯಲ್ಲಿ ಅಡಿಕೆ ಪರೀಕ್ಷೆ ಮಾಡುವುದು ಅವರ ಕೆಲಸ. ಚೀಲಕ್ಕೆ ಕೈ ತೂರಿಸಿ ಒಂದು ಮುಷ್ಟಿ ಅಡಿಕೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಣಗಿದ್ದರೆ ಖಣಖಣ ಅನ್ನುತ್ತದೆ, ಹಸಿಯಿದ್ದರೆ ಸದ್ದು ಮಂಕು. "ಇನ್ನೊಂದು ಬಿಸಿಲು ತೋರಿಸ್ಕೊಂಡು ಬರ್ರಿ" ಎಂದು ಮಾಮ ಹೇಳಿದರೆ ಮುಗಿಯಿತು, ರೈತರೂ ಖರೀದಿದಾರರೂ ಮರುಮಾತಾಡುತ್ತಿರಲಿಲ್ಲ. ಆ ಕಿವಿಯನ್ನು ಊರು ನಂಬಿದ್ದರಿಂದಲೇ ಮಾಮನ ಮನೆ ನಡೆಯುತ್ತಿತ್ತು.

ಅವರು ಮಾತ್ರ ಯಾರನ್ನೂ ನಂಬಿದವರಲ್ಲ. ಹಾಲಿನವನ ಲೀಟರು, ಟಿ.ವಿ.ಯವರ ಹವಾಮಾನ, ಅತ್ತೆಯ ತಲೆನೋವು, ಎಲ್ಲದರ ಮೇಲೂ ಗುಮಾನಿ. ಯಾರಾದರೂ ಬಾಯಿ ತೆರೆದರೆ ಸಾಕು, ತಲೆ ಹೊರಳಿಸಿ, ಎಡಗಿವಿ ಮುಂದೆ ಮಾಡಿ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. "ಕಣ್ಣಾರೆ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ಇನ್ನು ಕೇಳಿದ್ದನ್ನ ಹೆಂಗವ್ವ ನಂಬಾಕೆ ಆಗ್ತೈತೆ?" ಎನ್ನುವರು. ಅವರ ಮನೆಯ ಅನ್ನ ಉಂಡು ಅದೇ ರೋಗ ನನಗೂ ಅಂಟಿತು.

ಬಸವಾಪಟ್ಟಣದಿಂದ ಬಂದು ಅವರ ಮನೆಯಲ್ಲಿದ್ದುಕೊಂಡು ನಾನು ಡಿಗ್ರಿ ಓದುತ್ತಿದ್ದ ದಿನಗಳವು. ಮಂಡಿಯ ಕೆಲಸಕ್ಕೆಂದು ತಂದು ಮೂಲೆಗೆ ತಳ್ಳಿದ್ದ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ಹೊನ್ನಾಳಿಯ ಗೆಳತಿಯೊಬ್ಬಳು ಆನ್‌ಲೈನಿನಲ್ಲಿ ನನ್ನ ಜೊತೆಗಾರ್ತಿ. ಹಿಂದಿನಿಂದ ಶತ್ರು ಬರುವ ಹೆಜ್ಜೆ ಸಪ್ಪಳ ನನಗೆ ಗೊತ್ತಾಗುತ್ತಲೇ ಇರಲಿಲ್ಲ, ಹೆಡ್‌ಫೋನಿನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಅದನ್ನು ಒಯ್ದಾಗ ಅಂಗಡಿಯವನು, "ಬೇರೆ ಸೌಂಡ್ ಕಾರ್ಡ್ ಹಾಕ್ಸಿ ಮೇಡಂ. ಸೌಂಡೂ ಕ್ಲಿಯರ್, ಗೇಮ್ ಸ್ಪೀಡೂ ಡಬಲ್ ಆಗ್ತೈತೆ" ಎಂದ.

ಜೊತೆಗೆ ಬಂದಿದ್ದ ಮಾಮನ ಎಡಗಿವಿ ಮುಂದೆ ಬಂತು. "ಹಾರನ್ ಬದಲಾಯಿಸಿದ್ರೆ ಬಸ್ಸು ಜೋರು ಓಡ್ತೈತೇನ್ರೀ?"

ಅಂಗಡಿಯವನು ನಕ್ಕ, ಮಾಮ ನಗಲಿಲ್ಲ. "ಮೊದ್ಲು ನೋಡ್ತೀವಿ, ಆಮ್ಯಾಲೆ ದುಡ್ಡು" ಎಂದು ಅವನ ಕೈಯಿಂದಲೇ ಕಾರ್ಡ್ ಹಾಕಿಸಿ ಕಂಪ್ಯೂಟರನ್ನು ಮನೆಗೆ ತಂದರು.

ಪರೀಕ್ಷೆ ಶುರುವಾಯಿತು. ಹೆಡ್‌ಫೋನಿನ ಪಿನ್ನನ್ನು ಒಮ್ಮೆ ಹಳೆಯ ತೂತಿಗೆ, ಒಮ್ಮೆ ಹೊಸ ಕಾರ್ಡಿನ ತೂತಿಗೆ ಮಾಮ ಸಿಕ್ಕಿಸುವುದು. ಯಾವುದಕ್ಕೆಂದು ನನಗೆ ಕಾಣಬಾರದೆಂದು ದನದ ಸಂತೆಯ ದಲ್ಲಾಳಿಯಂತೆ ಕೈಮೇಲೆ ಟವೆಲ್ ಹೊದಿಸಿಕೊಂಡಿದ್ದರು. ಪರದೆಯ ಮೂಲೆಯಲ್ಲಿ ಆಟದ ವೇಗ ತೋರಿಸುವ ಅಂಕಿಯಿತ್ತು. ಎಲ್ಲಿ ಸಿಕ್ಕಿಸಿದರೂ ಅದು ಅಲ್ಲಾಡಲಿಲ್ಲ.

"ನೋಡಿದೇನವ್ವ, ಸ್ಪೀಡು ಬರೀ ಬುರುಡೆ."

ಆದರೆ ಹೊಸ ಕಾರ್ಡಿನಲ್ಲಿ ಗುಂಯ್ ಸದ್ದು ಇಲ್ಲದ್ದನ್ನು ನಾನು ಪ್ರತಿ ಸಲವೂ ಸರಿಯಾಗಿ ಹೇಳಿದೆ. ನಾನು ಟವೆಲ್ ಸಂದಿಯಲ್ಲಿ ಇಣುಕಿದೆನೆಂದು ಅವರಿಗೆ ಗುಮಾನಿ. ಹೆಡ್‌ಫೋನ್ ಕಸಿದು ತಾವೇ ಹಾಕಿಕೊಂಡು ಕಣ್ಣು ಮುಚ್ಚಿದರು. ಆಟದೊಳಗೆ ನನ್ನ ಸುತ್ತ ಓಡಾಡುವಂತೆ ಹೊನ್ನಾಳಿಯವಳಿಗೆ ಹೇಳಿದೆ. ಹೆಜ್ಜೆ ಯಾವ ಕಡೆಯದೆಂದು ಮಾಮ ಹೇಳಬೇಕು.

"ಎಡ," ಎಂದರು. ಸರಿ. "ಎಡ." ಅದೂ ಸರಿ. ಆಮೇಲೆ ಸುಮ್ಮನಾದರು. ಪರದೆಯ ಮೇಲೆ ಗೆಳತಿ ಬಲಗಡೆ ದಡದಡ ಓಡುತ್ತಿದ್ದಳು. ಮಾಮ ಕಣ್ಣು ತೆರೆದು ಅದನ್ನು ನೋಡಿದರು.

"ಅರ್ಧ ಕಾರ್ಡ್ ಕೊಟ್ಟಾನೆ ಕಳ್ಳ! ಬಲಗಡೆ ಸಪ್ಪಳನೇ ಇಲ್ಲ. ನಡಿ, ಅವನ ಗ್ರಹಚಾರ ಬಿಡಿಸ್ತೀನಿ."

ನಾನು ಹಾಕಿಕೊಂಡು ಕೇಳಿದೆ. ಬಲಗಡೆ ಚೆನ್ನಾಗಿಯೇ ಕೇಳುತ್ತಿತ್ತು. ಹೆಡ್‌ಫೋನನ್ನು ಅದಲುಬದಲು ಮಾಡಿ, ಬಲದ್ದು ಅವರ ಎಡಗಿವಿಗೆ ಬರುವಂತೆ ತಲೆಗೆ ಇಟ್ಟೆ.

"ಹಾ, ಈಗ ಬಂತು ನೋಡು! ಈಗ ಎಡಗಡೇದು ಹೋ..."

ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಲಗಿವಿಯನ್ನು ಬೆರಳಿನಿಂದ ತಿಕ್ಕಿದರು. ನನಗೆ ಅಳು ಬಂತು.

"ಮಂಡೀಲಿ ಬಾಯಿ ಬಿಡಬ್ಯಾಡವ್ವ," ಎಂದರು ಕೊನೆಗೆ. "ಒಂದು ಕಿವಿ ಹೋಗೈತೆ ಅಂದ್ರೆ ಇನ್ನೊಂದನ್ನೂ ಯಾರೂ ನಂಬಲ್ಲ."

ಮರುದಿನ ಅಂಗಡಿಗೆ ಹೋಗಿ, "ನಿನ್ನ ಕಾರ್ಡ್ ಸರಿ ಐತೆ, ನಿನ್ನ ಮಾತು ಸರಿ ಇಲ್ಲ" ಎಂದು ಹೇಳಿ, ಕೇಳಿದಷ್ಟು ದುಡ್ಡು ಕೊಟ್ಟು ಬಂದರು. ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವ ಮನುಷ್ಯ! ನನ್ನ ಬಾಯಿಗೆ ಹಾಕಿದ ಬೀಗ ಅದು ಎಂದು ಆಗಲೇ ಅನುಮಾನ ಬಂತು. ಇನ್ನೊಂದು ಅನುಮಾನ ಈಗಲೂ ಉಂಟು. ಅವರಿಗೆ ಅದು ಅಂದೇ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ? ಮಂಡಿಯಲ್ಲಿ ಅವರು ಕೂರುತ್ತಿದ್ದದ್ದು ಬಲಕ್ಕೆ ಗೋಡೆಯಿರುವ ಜಾಗದಲ್ಲೇ. ಆ ತಲೆ ಹೊರಳಿಸುವುದರಲ್ಲಿ ಗುಮಾನಿ ಎಷ್ಟು, ಕಿವುಡು ಎಷ್ಟು? ನಾನು ಕೇಳಲಿಲ್ಲ. ಕೇಳಿದ್ದರೂ ನಿಜ ಹೇಳುತ್ತಿದ್ದರೆಂಬ ನಂಬಿಕೆ ನನಗಿಲ್ಲ.

ಅತ್ತೆಗೂ ಹೇಳದೆ ಗುಟ್ಟು ಕಾಪಾಡಿದೆ. ಬೀದಿಯಲ್ಲಿ ಅವರ ಬಲಗಡೆಯೇ ನಡೆಯುತ್ತಿದ್ದೆ. ಆ ಕಡೆಯ ಬೈಕು, ಆಟೋಗಳ ಸದ್ದನ್ನು ಅವರ ಪರವಾಗಿ ನಾನು ಕೇಳುತ್ತಿದ್ದೆ. ಮಂಡಿಯವರು ಕೊನೆಯವರೆಗೂ ಅವರ ಕಿವಿಯನ್ನು ನಂಬಿದರು. ಅಡಿಕೆಯ ವಿಷಯದಲ್ಲಿ ಆ ಎಡಗಿವಿ ತಪ್ಪಿದ್ದನ್ನು ನಾನಂತೂ ಕಾಣೆ.

ಹೋದ ವರ್ಷ ದಾವಣಗೆರೆಯ ಆಸ್ಪತ್ರೆಯಲ್ಲಿ ಮಾಮ ಮಲಗಿದ್ದರು. ಮಂಚದ ಎಡಬದಿ ಗೋಡೆಗೆ ಒತ್ತಿಕೊಂಡಿತ್ತು. ಬಂದವರೆಲ್ಲ ಬಲಗಡೆ ನಿಂತು ಕರೆಯುತ್ತಿದ್ದರು. "ಯಾರು ಕರೆದ್ರೂ ಓಗೊಡ್ತಿಲ್ಲ, ಜ್ಞಾನ ತಪ್ಪೈತೆ" ಎಂದು ಅತ್ತೆ ಅಳುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಮಂಚವನ್ನು ಈಚೆಗೆ ಎಳೆದು, ಗೋಡೆಯ ಸಂದಿಯಲ್ಲಿ ತೂರಿಕೊಂಡು, ಎಡಗಿವಿಗೆ ಬಾಯಿಟ್ಟೆ.

"ಮಾಮ, ಯಾವ ಕಡೆಯಿಂದ ಬಂದೆ ಹೇಳ್ರಿ."

ಕಣ್ಣು ತೆರೆಯಲಿಲ್ಲ. ತುಟಿ ಅಲ್ಲಾಡಿತು.

"ಎಡ."

ಅತ್ತೆಯ ಕೈಹಿಡಿದು ಆ ಸಂದಿಗೆ ಎಳೆದುಕೊಂಡೆ. "ಈ ಕಡೆಯಿಂದ ಮಾತಾಡ್ರಿ ಅತ್ತೆ" ಎಂದು ಹೇಳಿ ಹೊರಗೆ ಬಂದೆ. ಮಂಡಿಯಲ್ಲಿ ಹೇಳಬೇಡ ಎಂದಷ್ಟೇ ಅಲ್ಲವೇ ಮಾಮ ಅಂದದ್ದು.

ಅಂದು ಸಂಜೆ ಅವರು ತೀರಿಕೊಂಡರು. ಅತ್ತೆಯ ಮಾತು ಕೇಳಿಸಿಕೊಂಡೇ ಹೋದರು. ಅದೊಂದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.