ತಲತ್ ಖಾನುಂ ಆರಿಸಿದ ಅಡುಗೆಕಟ್ಟೆ

ನಮ್ಮ ಶಿರಾಜಿನಲ್ಲಿ ಮನೆ ಕಟ್ಟಿ ಮಾರುವವರಿಗೆ ಬರವಿಲ್ಲ. ಅಂಗಳವಿರುವ ಹಳೆಯ ಮನೆಯೊಂದನ್ನು ಕೊಳ್ಳುತ್ತಾರೆ, ಕೆಡವುತ್ತಾರೆ, ಮೂರೋ ನಾಲ್ಕೋ ಅಂತಸ್ತು ಎಬ್ಬಿಸುತ್ತಾರೆ, ಮಾರಿ ಮುಂದಿನ ಓಣಿಗೆ ಹೋಗುತ್ತಾರೆ. ಹುಶಂಗ್ ಅಂಥವರಲ್ಲಿ ಒಬ್ಬ. ದೊಡ್ಡ ಕುಳವೇನಲ್ಲ. ಒಂದು ಸಲಕ್ಕೆ ಒಂದೇ ಕಟ್ಟಡ. ಸ್ವಂತಕ್ಕೆಂದು ಒಂದು ಮನೆಯನ್ನೂ ಇಟ್ಟುಕೊಂಡವನಲ್ಲ. ಮಾರಾಟವಾಗದೆ ಉಳಿದ ಅಂತಸ್ತಿನಲ್ಲಿ ಹೆಂಡತಿಯೊಂದಿಗೆ ಬಿಡಾರ ಹೂಡುವುದು, ಅದಕ್ಕೂ ಗಿರಾಕಿ ಬಂದರೆ ಗಂಟುಮೂಟೆ ಕಟ್ಟುವುದು. ಮದುವೆಯಾದ ಲಾಗಾಯ್ತು ಇದೇ ಬದುಕು.

ನಾನು ಹೇಳಹೊರಟಿರುವುದು ಆ ಹೆಂಡತಿಯ ಕತೆ. ಹೆಸರು ತಲತ್; ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, ತಲತ್ ಖಾನುಂ. ಗಿಡ್ಡ ಮೈಕಟ್ಟು, ಗಟ್ಟಿ ಗಂಟಲು, ನಗುವಾಗ ಮುಚ್ಚಿಹೋಗುವ ಕಣ್ಣು. ಗಂಡ ಕಟ್ಟಿದ ಕಟ್ಟಡಗಳಲ್ಲೆಲ್ಲ ಅವರು ಅಡುಗೆ ಮಾಡಿದ್ದರು. ಮೊದಲನೆಯದರಲ್ಲಿ ಮೊಸಾಯಿಕ್ ಕಟ್ಟೆ. ಆಮೇಲೆ ಟೈಲ್ಸ್ ಬಂತು. ಅದರ ಸಂದುಗಳಲ್ಲಿ ಅರಿಸಿನ ಕೂತು ಏನು ಉಜ್ಜಿದರೂ ಹೋಗಲಿಲ್ಲ. ಫಾರ್ಮೈಕಾ ಹಾಕಿದ ಮನೆಯಲ್ಲಿ ನೀರು ಇಳಿದು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಹಲಗೆ ಹಪ್ಪಳದಂತೆ ಉಬ್ಬಿತು. ಅಮೃತಶಿಲೆ ಹಾಕಿದ ಮನೆಯಲ್ಲಿ ನಮ್ಮೂರಿನ ಹುಳಿಕಿತ್ತಳೆ ಆ ಕಲ್ಲಿನ ಹೊಳಪನ್ನೆಲ್ಲ ತಿಂದುಹಾಕಿತು. ಯಾವ ಊಟಕ್ಕೆ ಹುಳಿಕಿತ್ತಳೆ ಹಿಂಡದೆ ಇರಲು ಸಾಧ್ಯ ಹೇಳಿ.

ಆದರೆ ಕಟ್ಟೆ ಆರಿಸುವಾಗ ಒಂದು ಸಲವೂ ಹುಶಂಗ್ ಅವರನ್ನು ಕೇಳಿರಲಿಲ್ಲ. ಅವನ ಲೆಕ್ಕಾಚಾರ ಬೇರೆ. ಈಗಿನ ಮನೆಗಳಲ್ಲಿ ಅಡುಗೆಮನೆಗೆ ಗೋಡೆ ಇಲ್ಲ. ಬಾಗಿಲು ತೆರೆದರೆ ಕೂರುವ ಹಾಲ್, ಹಾಲ್‌ನಾಚೆಗೆ ಕಟ್ಟೆ. ಗಿರಾಕಿಯ ಕಣ್ಣು ಮೊದಲು ಬೀಳುವುದೇ ಅಲ್ಲಿ. ಆ ವರ್ಷ ಯಾವುದು ಹೊಳೆಯುತ್ತದೋ ಅದನ್ನು ತಂದು ಕೂರಿಸುತ್ತಿದ್ದ.

ನನಗೆ ಅವರ ಪರಿಚಯವಾದದ್ದು ಒಂದು ಶುಕ್ರವಾರ. ನಮ್ಮತ್ತೆ ಮೊನೀರ್ ಖಾನುಂ, ನನ್ನ ಗಂಡ, ನಾನು, ಮೂವರೂ ದಲ್ಲಾಳಿಯ ಜೊತೆ ಅವರಿದ್ದ ಮನೆ ನೋಡಲು ಹೋಗಿದ್ದೆವು. ಅಡುಗೆಕಟ್ಟೆ ಹಾಲಿನ ಕೆನೆಯಂಥ ಕೃತಕ ಕಲ್ಲಿನದು. ಎಲ್ಲೂ ಸಂದು ಕಾಣದು. ಅದರ ಮೇಲೊಂದು ದೊಡ್ಡ ತಾಮ್ರದ ಹರಿವಾಣ, ಹರಿವಾಣದಲ್ಲಿ ದಾಳಿಂಬೆ. ಸಂದು ನಿಜವಾಗಿಯೂ ಇಲ್ಲವೇ ನೋಡೋಣವೆಂದು ನಾನು ಹರಿವಾಣ ಎತ್ತಿದೆ.

ಕೆಳಗೆ ದುಂಡಗೆ, ಕಂದಾಗಿ, ಸುಟ್ಟ ಕಲೆ.

ದಲ್ಲಾಳಿ ಕಿಟಕಿಯಾಚೆ ನೋಡತೊಡಗಿದ. ಹುಶಂಗನ ಮುಖ ಇಳಿದುಹೋಯಿತು.

"ಅದು ನಾನೇ ಸುಟ್ಟಿದ್ದಮ್ಮ," ಎಂದರು ತಲತ್ ಖಾನುಂ. "ಎಲೆಕೋಸಿನ ಪಲಾವ್ ಮಾಡಿದ್ದೆ. ಒಲೆಯಿಂದ ಇಳಿಸಿ ಪಾತ್ರೆ ಇಲ್ಲಿಟ್ಟೆ. ಎತ್ತಿ ನೋಡ್ತೀನಿ, ಕಟ್ಟೇನೂ ಸೀದುಹೋಗಿದೆ."

ಪಲಾವಿನ ತಳದ ಗರಿಗರಿ ಸೀಕಲೆಂದರೆ ನಮ್ಮೂರಲ್ಲಿ ಎಲ್ಲರಿಗೂ ಪ್ರಾಣ. ನಮ್ಮತ್ತೆ ಕಲೆಯ ಮೇಲೆ ಬಗ್ಗಿ ನೋಡಿ, "ಸೀಕಲು ಚೆನ್ನಾಗಿ ಬಂದಿತ್ತಾ?" ಎಂದು ಕೇಳಿದರು.

"ಚಿನ್ನದ ಥರ ಬಂದಿತ್ತು. ಒಂದು ಚೂರೂ ಮುರೀಲಿಲ್ಲ."

"ತಲತ್, ಅವರಿಗೆ ಚಹಾ ತರಬಾರದಾ?" ಎಂದ ಹುಶಂಗ್ ಹಲ್ಲು ಕಚ್ಚಿ.

"ತರ್ತೀನಿ ಇರಿ. ನೋಡಮ್ಮ, ಇದನ್ನ ಉಜ್ಜಿಸಿ ಪಾಲಿಶ್ ಮಾಡಿಸಿ ಕೊಡ್ತೀವಿ, ಕಲೆ ಹೋಗುತ್ತೆ. ಆದ್ರೆ ನೀವು ದಿನಾ ಅಡುಗೆ ಮಾಡೋರಾದ್ರೆ ಒಂದಲ್ಲ ಒಂದಿನ ನೀವೂ ಸುಡ್ತೀರಿ. ಬಿಸಿ ಪಾತ್ರೆ ಕೆಳಗೆ ಏನಾದ್ರೂ ಇಟ್ಕೊಳ್ಳಿ."

ಚಹಾ ಕುಡಿದು ಹೊರಬಿದ್ದೆವು. ಮೆಟ್ಟಿಲಿಳಿಯುವಾಗ ಮೇಲಿನಿಂದ ಹುಶಂಗನ ದನಿ ಕೇಳಿಸಿತು. "ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಹರಿವಾಣ ಎತ್ತಿದ್ದು ನಾನಲ್ಲವಲ್ಲ."

ಕಾರಿನಲ್ಲಿ ನನ್ನ ಗಂಡ ಬೇರೆ ವಿಳಾಸ ತೆಗೆದ. ಅತ್ತೆ ತಡೆದರು. "ಸುಮ್ನಿರೋ. ಹೆಂಡ್ತಿ ಇಷ್ಟು ನೆಟ್ಟಗೆ ಮಾತಾಡೋ ಮನೇಲಿ ಗಂಡ ಗೋಡೆ ಒಳಗೆ ಎಷ್ಟು ಸುಳ್ಳು ತುಂಬೋಕಾಗುತ್ತೆ? ಅದೇ ಮನೆ ತಗೊಳ್ಳೋಣ."

ಹಾಗೆ ಆ ಮನೆ ನಮ್ಮದಾಯಿತು. ಅವರು ಅದೇ ಓಣಿಯಲ್ಲಿ ಬಾಡಿಗೆಗೆ ಇಳಿದು ಎದುರಿನ ಹಳೆಯ ಮನೆ ಕೆಡವಿಸತೊಡಗಿದರು. ತಲತ್ ಖಾನುಂ ಸಂಜೆಯಾದರೆ ನಮ್ಮಲ್ಲಿಗೆ ಬರುವರು; ಸೊಪ್ಪು ಬಿಡಿಸುತ್ತ ನಮ್ಮತ್ತೆಯ ಜೊತೆ ಊರ ಸುದ್ದಿಯೆಲ್ಲ ಬಿಡಿಸುವರು.

ಕಟ್ಟಡ ಎದ್ದು ನಿಂತಿತು. ಕಟ್ಟೆಯ ಮಾತು ಬಂದಾಗ ಈ ಸಲ ಹುಶಂಗನಿಗೆ ಮನಸ್ಸು ಹೊಯ್ದಾಡುತ್ತಿತ್ತು. ನಮ್ಮ ಮನೆಯಲ್ಲಿ ಕೂತು ಅದನ್ನೇ ಹೇಳಿಕೊಂಡ.

"ಇಷ್ಟು ಮನೆ ಕಟ್ಟಿದೀಯ," ಎಂದರು ನಮ್ಮತ್ತೆ. "ಒಂದ್ಸಲನಾದ್ರೂ ಅಡುಗೆ ಮಾಡೋಳನ್ನ ಕೇಳಿದೀಯೇನಪ್ಪ?"

"ಅವಳೇನು ಕೊಳ್ಳೋಳಾ, ಮೊನೀರ್ ಖಾನುಂ?"

"ಕೊಳ್ಳೋಳೂ ಇವಳಂಥೋಳೇ ಕಣಯ್ಯ. ಆಕಾಶದಿಂದ ಇಳಿದು ಬರ್ತಾಳಾ?"

ಹುಶಂಗ್ ಹೆಂಡತಿಯ ಕಡೆ ನೋಡಿದ. ಅವರು ಮೆಂತ್ಯದ ಕಡ್ಡಿ ಮುರಿಯುತ್ತಲೇ ಇದ್ದರು. "ಸರಿ," ಎಂದ ಅವನು. "ನಾಳೆ ನೀನೂ ಬಾ."

ನಾನೂ ಹೋದೆ. ಊರ ಹೊರಗೆ ಜಹಾನ್‌ಬಖ್ಶ್ ಎಂಬಾತನ ಕಲ್ಲಿನ ಅಂಗಡಿ. ಬಿಸಿಲಲ್ಲಿ ಒರಗಿಸಿಟ್ಟ ಚಪ್ಪಡಿಗಳು. ತಲತ್ ಖಾನುಂ ಕೈಚೀಲದಿಂದ ಎರಡು ಹುಳಿಕಿತ್ತಳೆ, ಒಂದು ಚಾಕು, ಅರಿಸಿನದ ಪೊಟ್ಟಣ ತೆಗೆದರು. ಮಾದರಿಗೆಂದು ಮೇಜಿನ ಮೇಲಿಟ್ಟ ತುಂಡುಗಳ ಮೇಲೆಲ್ಲ ಸಾಲಾಗಿ ಹಣ್ಣು ಹಿಂಡುತ್ತ, ಅರಿಸಿನ ಉದುರಿಸುತ್ತ ಹೋದರು.

"ಖಾನುಂ, ಕಲ್ಲು ಕೊಳ್ಳೋಕೆ ಬಂದಿರೋ, ಸಲಾಡ್ ಮಾಡೋಕೆ ಬಂದಿರೋ?" ಎಂದ ಜಹಾನ್‌ಬಖ್ಶ್.

"ಎರಡಕ್ಕೂ. ಸೌತೆಕಾಯಿ ಇದ್ರೆ ತರ್ಸಿ, ಈರುಳ್ಳಿ ನಾನು ತರ್ತೀನಿ. ಅಲ್ಲೀವರೆಗೆ ಚಹಾ ಆದ್ರೂ ಕೊಡ್ಸಿ."

ಅವನು ನಗುತ್ತ ಚಹಾ ತರಿಸಿದ. ಕುಡಿದು ಮುಗಿಸಿ ಒರೆಸಿ ನೋಡಿದರೆ ಅಮೃತಶಿಲೆ ಮಂಕಾಗಿತ್ತು, ಇನ್ನೊಂದು ಕಲ್ಲಿಗೆ ಅರಿಸಿನ ಹಿಡಿದಿತ್ತು. ಗ್ರಾನೈಟಿಗೆ ಏನೂ ಆಗಿರಲಿಲ್ಲ. ತಲತ್ ಖಾನುಂ ಕಪ್ಪು ಗ್ರಾನೈಟ್ ತೋರಿಸಿದರು.

"ಅದು ಬೇಡ," ಎಂದ ಹುಶಂಗ್. "ನಮ್ಮ ಅಡುಗೆಮನೆ ಕಿಟಕಿ ಬಡಗಣಕ್ಕಿದೆ. ಹಾಲಲ್ಲಿ ನಿಂತು ನೋಡಿದ್ರೆ ಬಾವಿ ಥರ ಕಾಣುತ್ತೆ. ಮನೆಗೆ ಬರೋರಿಗೆ ಬೆಳಕು ಬೇಕು ತಲತ್."

"ಅದು ನಿಜ," ಎಂದರು ತಲತ್ ಖಾನುಂ. ಆಮೇಲೆ ಮೂಲೆಯಲ್ಲಿದ್ದ ಇನ್ನೊಂದರ ಹತ್ತಿರ ಹೋದರು. ನತಂಜ್ ಕಡೆಯ ಬಿಳಿ ಗ್ರಾನೈಟ್, ಅನ್ನದ ಮೇಲೆ ಕರಿಮೆಣಸು ಉದುರಿಸಿದ ಹಾಗಿತ್ತು.

"ಅಯ್ಯೋ, ಅದು ಮೆಟ್ಟಿಲಿಗೆ ಹಾಕೋ ಕಲ್ಲು ಖಾನುಂ," ಎಂದ ಜಹಾನ್‌ಬಖ್ಶ್.

"ಜನ ತುಳಿದು ತುಳಿದೂ ಏನೂ ಆಗದೇ ಇರೋ ಕಲ್ಲು ನನ್ನ ಪಾತ್ರೆಗೆ ಹೆದರುತ್ತಾ?"

"ನೋಡಿದೋರು ನಗ್ತಾರೆ ಕಣೆ," ಎಂದ ಹುಶಂಗ್. "ಹುಶಂಗ್ ಮೆಟ್ಟಿಲು ಕಿತ್ತು ತಂದು ಅಡುಗೆಮನೇಲಿ ಇಟ್ಟಿದಾನೆ ಅಂತಾರೆ."

"ಹಾಗಿದ್ರೆ ಒಂದು ಕೆಲಸ ಮಾಡಿ. ಹಾಲಿನ ಕಡೆ ಮುಖ ಮಾಡಿರೋ ಕಟ್ಟೆ ಇದೆಯಲ್ಲ, ಅಲ್ಲಿ ಯಾರೂ ಅಡುಗೆ ಮಾಡಲ್ಲ. ಚಹಾ ಲೋಟ ಇಡ್ತಾರೆ, ಮೊಣಕೈ ಊರ್ತಾರೆ. ಅದಕ್ಕೆ ನಿಮ್ಮ ಬಿಳೀ ಕೃತಕ ಕಲ್ಲು ಹಾಕ್ಸಿ, ಹೊಳೀಲಿ. ಒಲೆ ಪಕ್ಕ, ತೊಟ್ಟಿ ಪಕ್ಕ ಈ ಕಲ್ಲು. ಅಂಚು ದುಂಡಗೆ ಮಾಡ್ಸಿ, ಎಣ್ಣೆ ಹೀರದ ಹಾಗೆ ಲೇಪ ಕೊಡ್ಸಿ. ಹೊರಗಿನದು ನೋಡೋರಿಗೆ, ಒಳಗಿನದು ಬೇಯ್ಸೋರಿಗೆ."

ಹುಶಂಗ್ ಗಡ್ಡ ಕೆರೆದುಕೊಂಡ. ಅವನು ಹಾಗೆ ಕೆರೆದುಕೊಂಡರೆ ಒಪ್ಪಿದನೆಂದೇ ಅರ್ಥ.

ಕಟ್ಟೆ ಹಾಗೆಯೇ ಕೂತಿತು. ಮೊದಲು ಬಂದ ಗಿರಾಕಿಗಳು ನಕ್ಕದ್ದೇನೋ ನಿಜ. "ಇದು ನಮ್ಮ ಆಫೀಸಿನ ಮೆಟ್ಟಿಲಿನ ಕಲ್ಲಲ್ವಾ?" ಎಂದು ಒಬ್ಬಾಕೆ ಕೇಳಿದಳು, ಗಂಡನನ್ನು ಕರೆದುಕೊಂಡು ಹೊರಟೇಹೋದಳು. ಆ ವಾರವೆಲ್ಲ ಹುಶಂಗ್ ಹೆಂಡತಿಯೊಂದಿಗೆ ತುಟಿ ಎರಡು ಮಾಡಲಿಲ್ಲ. ತಲತ್ ಖಾನುಂ ತಲೆ ಕೆಡಿಸಿಕೊಳ್ಳಲಿಲ್ಲ. "ಒಳ್ಳೇದೇ ಆಯ್ತು, ರೇಡಿಯೋ ಸರಿಯಾಗಿ ಕೇಳಿಸ್ತಿದೆ," ಎಂದರು ನಮ್ಮತ್ತೆಯ ಬಳಿ.

ಆಮೇಲೆ ಬಂದವಳು ಮನೆಯಲ್ಲೇ ಸಿಹಿತಿಂಡಿ ಮಾಡಿ ಅಂಗಡಿಗಳಿಗೆ ಕೊಡುವ ಹೆಂಗಸು. ಹಾಲು, ಕೋಣೆ ಯಾವುದನ್ನೂ ನೋಡದೆ ನೆಟ್ಟಗೆ ಒಳಗೆ ಬಂದು ಕಲ್ಲಿನ ಮೇಲೆ ಅಂಗೈ ಇಟ್ಟಳು. "ಬಿಸಿ ತಟ್ಟೆ ಇಡಬಹುದಾ?"

ತಲತ್ ಖಾನುಂ ಕುದಿಯುತ್ತಿದ್ದ ಕೆಟಲನ್ನು ಉರಿಯಿಂದ ಎತ್ತಿ ಕಟ್ಟೆಯ ಮೇಲಿಟ್ಟರು. ಆಕೆಗೆ ಚಹಾ ಬಗ್ಗಿಸಿ ಕೊಟ್ಟರು. ಲೋಟ ಬರಿದಾದ ಮೇಲೆ ಕೆಟಲ್ ಎತ್ತಿ ತೋರಿಸಿದರು. ಹನಿ ನೀರಿನ ಗುರುತಷ್ಟೇ ಇತ್ತು; ಒರೆಸಿದರೆ ಅದೂ ಹೋಯಿತು. ಆಕೆ ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು.

ಉಳಿದ ಅಂತಸ್ತುಗಳು ತಕ್ಷಣ ಮಾರಾಟವಾಗಲಿಲ್ಲ, ಒಂದೊಂದಾಗಿ ನಿಧಾನಕ್ಕೆ ಹೋದವು. ಕೊನೆಯದು ಚಳಿಗಾಲ ಕಳೆದರೂ ಉಳಿದಿತ್ತು. ಅದರಲ್ಲಿ ಇವರಿಬ್ಬರೂ ಇದ್ದರು. ಅಷ್ಟರಲ್ಲಿ ಸುತ್ತಲಿನ ಮನೆ ಕಟ್ಟುವವರಿಗೆ ಸುದ್ದಿ ಮುಟ್ಟಿ, ಕಲ್ಲು ಕೊಳ್ಳುವ ಮೊದಲು ಒಬ್ಬೊಬ್ಬರೇ ಬಂದು ತಲತ್ ಖಾನುಂರನ್ನು ಕರೆದೊಯ್ಯತೊಡಗಿದರು. ಹುಶಂಗ್ ಬಂದವರನ್ನು ಬಾಗಿಲಲ್ಲೇ ತಡೆದು, "ಮೊದಲು ನನ್ನನ್ನ ಕೇಳ್ರಪ್ಪ, ನಾನು ಅವಳನ್ನ ಕೇಳಿ ಹೇಳ್ತೀನಿ," ಎನ್ನುತ್ತಿದ್ದ.

ನಮ್ಮತ್ತೆಗೆ ಒಂದೇ ಕೊರಗು. "ಇದನ್ನಾದ್ರೂ ನಿನಗೇ ಇಟ್ಕೊಳ್ಳೇ. ಇಷ್ಟಪಟ್ಟು ಆರಿಸಿದ ಕಟ್ಟೆ. ಎಷ್ಟು ದಿನ ಅಂತ ಹೀಗೆ ಅಲೀತೀಯ?"

ತಲತ್ ಖಾನುಂ ಕಣ್ಣು ಮುಚ್ಚಿಹೋಗುವಂತೆ ನಕ್ಕರು. "ಎಲ್ಲರೂ ನನ್ನನ್ನ ಅಯ್ಯೋ ಪಾಪ ಅಂತಾರೆ. ನನಗೆ ಇದೇ ಹಿಡಿಸಿದೆ ಮೊನೀರ್. ಒಂದೊಂದು ಮನೆ ಕಿಟಕಿ ಒಂದೊಂದು ಥರ. ಒಂದರಲ್ಲಿ ಬೆಟ್ಟ, ಒಂದರಲ್ಲಿ ಯಾರದೋ ತಾರಸಿ, ಬಟ್ಟೆ ಒಣಗ್ಸೋ ಹುಡುಗಿ. ಸಾಯೋವರೆಗೂ ಒಂದೇ ಕಿಟಕಿ ಮುಂದೆ ನಿಂತು ಈರುಳ್ಳಿ ಹೆಚ್ಚು ಅಂದ್ರೆ ನನ್ನ ಕೈಲಾಗಲ್ಲ."

ಕಿತ್ತಳೆ ಹೂ ಬಿಡುವ ಹೊತ್ತಿಗೆ ಆ ಅಂತಸ್ತೂ ಮಾರಾಟವಾಯಿತು. ಅವರೀಗ ಹಿಂದಿನ ಓಣಿಯಲ್ಲಿ ಕಟ್ಟುತ್ತಿದ್ದಾರೆ. ಮೊನ್ನೆ ಅಲ್ಲಿಗೆ ಹೋಗಿದ್ದೆ. ಸಿಮೆಂಟ್ ಚೀಲಗಳ ಮೇಲೆ ಗಂಡಹೆಂಡಿರು ಎದುರುಬದುರು ಕೂತು ಬ್ರೆಡ್ಡು, ಚೀಸು, ವಾಲ್‌ನಟ್ ತಿನ್ನುತ್ತ ಜಗಳವಾಡುತ್ತಿದ್ದರು. ಪಾತ್ರೆ ತೊಳೆಯುವ ತೊಟ್ಟಿ ಎಷ್ಟು ಆಳವಿರಬೇಕೆಂಬುದು ವಿಷಯ. ನನ್ನನ್ನು ಕಂಡು ಹುಶಂಗ್, "ಬಾಮ್ಮ, ನೀನಾದ್ರೂ ನ್ಯಾಯ ಹೇಳು," ಎಂದು ಚೀಲದ ಮೇಲೆ ಸರಿದು ಜಾಗ ಮಾಡಿಕೊಟ್ಟ.