ಯಾವ ನೀರು?

ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಆಗ ನಾನು ಕಲ್ಯಾಣದ ಒಂದು ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲ್. ನಮಗೆ ಸ್ವಂತ ಆಸ್ಪತ್ರೆಯಿರಲಿಲ್ಲ. ಹೆರಿಗೆಯ ಕೆಲಸ ಕಲಿಯಲು ನಮ್ಮ ಮೂವತ್ತೆರಡು ಹುಡುಗಿಯರು ಡೊಂಬಿವಲಿಯ ಒಂದು ಆಸ್ಪತ್ರೆಗೆ ಹೋಗುತ್ತಿದ್ದರು. ಇದನ್ನು ಕ್ಲಿನಿಕಲ್ ಪೋಸ್ಟಿಂಗ್ ಎನ್ನುತ್ತೇವೆ. ಅದು ಪೂರ್ತಿಯಾಗದೆ ಪರೀಕ್ಷೆಗೆ ಕೂರುವಂತಿಲ್ಲ. ಹೀಗೆ ಕಲಿಕೆಗೆ ನೆರವಾದವರನ್ನು ಪ್ರತಿವರ್ಷ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕರಿಸುವುದು ನಮ್ಮ ರೂಢಿ. ಆ ಸಲದ ಸಮಾರಂಭಕ್ಕೆ ಹತ್ತು ದಿನವಿರುವಾಗ ಇದು ನಡೆಯಿತು.

ಅಂದು ಶುಕ್ರವಾರ, ಊರಿಗೆಲ್ಲ ನೀರು ಬಂದ್. ನಾನು ಆಸ್ಪತ್ರೆಗೆ ರೌಂಡ್ಸಿಗೆ ಹೋಗಿ, ವಾರ್ಡಿನ ಇನ್ನೊಂದು ತುದಿಯಲ್ಲಿದ್ದೆ. ವಾರ್ಡಿನಲ್ಲಿದ್ದ ನಮ್ಮ ವಿದ್ಯಾರ್ಥಿನಿ ನೇಹಾಳ ತಂದೆತಾಯಿ ರಾಯಚೂರಿನವರು, ಇವಳು ಬದಲಾಪುರದಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಕಟ್ಟಡ ಕೆಲಸದ ತುಂಬು ಬಸುರಿ ಮಹಾದೇವಿ ಅವಳನ್ನು ಕರೆದು, "ಸಿಸ್ಟರ್, ನೀರ ಹೋತ್ರಿ" ಅಂದಳು.

"ಛೇ ಬಜೇ ಆಯೇಗಾ, ದೀದಿ." ಆರಕ್ಕೆ ನಳದಲ್ಲಿ ಬರುತ್ತದೆಂದು ಸಮಾಧಾನ ಹೇಳಿ ನೇಹಾ ಮುಂದಿನ ಮಂಚಕ್ಕೆ ನಡೆದಳು.

ನೆಲ ಒರೆಸುತ್ತಿದ್ದ ಆಯಾ ಶಾಂತಾಬಾಯಿ ವಿಜಯಪುರದವಳು. ಬಕೆಟ್ಟು ಅಲ್ಲೇ ಬಿಟ್ಟು, "ಏ ಖೋಡಿ, ನಳದ ನೀರಲ್ಲ, ಕೂಸಿನ ನೀರ" ಎನ್ನುತ್ತಾ ಓಡಿ ಡ್ಯೂಟಿಯಲ್ಲಿದ್ದ ಹಿರಿಯ ಸಿಸ್ಟರನ್ನು ಎಳೆದುಕೊಂಡೇ ಬಂದಳು. ನೀರುಚೀಲ ಒಡೆಯುವುದನ್ನು ನಮ್ಮ ಕಡೆ ಹಾಗೆಯೇ ಹೇಳುವುದು. ಹೊಕ್ಕುಳಬಳ್ಳಿ ಮಗುವಿಗಿಂತ ಮುಂದೆ ಜಾರಿತ್ತು, ಮಗುವಿಗೆ ಉಸಿರು ಕಟ್ಟುವ ಹೊತ್ತು. ಕೂಡಲೇ ಸಿಸೇರಿಯನ್ ಮಾಡಿದರು. ಮಗು ಹೊರಬಂತು, ಅಳಲಿಲ್ಲ. ನಾನು ಬಾಗಿಲಾಚೆ ನಿಂತಿದ್ದೆ. ಎಷ್ಟು ಹೊತ್ತಾಯಿತೋ ತಿಳಿಯದು, ಕೊನೆಗೆ ಅತ್ತಿತು.

ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಬೈಯಲಿಲ್ಲ. "ನಿಮ್ಮ ಹುಡುಗಿಯರು ಸದ್ಯ ಬರುವುದು ಬೇಡ, ಯೋಚಿಸಿ ಹೇಳುತ್ತೇನೆ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಮುಂದಿನ ವರ್ಷವೂ ಅಲ್ಲೇ ಕಲಿಕೆ ಎಂದು ನಂಬಿ ಅವರ ಹೆಸರಿನ ಸ್ಮರಣಿಕೆ ಮಾಡಿಸಿಟ್ಟಿದ್ದೆವು; ಕೂಸು ಹುಟ್ಟುವ ಮುಂಚೆ ಕುಲಾವಿ. ಮೂವತ್ತೆರಡು ಹುಡುಗಿಯರ ವರ್ಷ ಹಾಳಾಗುವ ಭಯ ಒಂದು ಕಡೆ. ಇನ್ನೊಂದು ಕಡೆ, ನೀರುಚೀಲ ಒಡೆಯುವುದರ ಇಂಗ್ಲಿಷ್ ಹೆಸರನ್ನು ನೂರು ಸಲ ಬರೆಸಿದ ನಾನು, ಹುಬ್ಬಳ್ಳಿಯವಳೇ ಆಗಿದ್ದೂ, ಹೆಂಗಸರು ಅದನ್ನು ಹೇಗೆ ಹೇಳುತ್ತಾರೆಂದು ಒಮ್ಮೆಯೂ ಕಲಿಸಿರಲಿಲ್ಲ. ತಪ್ಪು ನೇಹಾಳದ್ದಷ್ಟೇ ಅಲ್ಲ.

ಸತ್ಕಾರದ ಪಟ್ಟಿಗೆ ಶಾಂತಾಬಾಯಿಯ ಹೆಸರು ಸೇರಿಸಿದೆ. ಉಪಪ್ರಾಂಶುಪಾಲೆ ಕುಲಕರ್ಣಿ ಗಾಬರಿಯಾದರು. "ಆಯಾಗ ಶಾಲು ಯಾಕಂತ ಎಲ್ಲಾರೂ ಕೇಳ್ತಾರ, ಮೇಡಂ. ಮುಚ್ಚಿಟ್ಟಿದ್ದನ್ನ ನಾವ ಡಂಗುರ ಹೊಡದಂಗ ಆಗ್ತದ." ಅವರ ಮಾತು ಸುಳ್ಳಲ್ಲ. ಆದರೂ ಹೆಸರು ತೆಗೆಯಲು ಮನಸ್ಸು ಬರಲಿಲ್ಲ.

ನೌಪಾಡಾದ ಸಭಾಗೃಹದಲ್ಲಿ ಡಾಕ್ಟರುಗಳ ಸತ್ಕಾರ ಮುಗಿದ ಮೇಲೆ ನಡೆದದ್ದನ್ನೆಲ್ಲ ಓದಿ ಹೇಳಿದೆ, ನನ್ನ ಪಾಲಿನ ತಪ್ಪನ್ನೂ. ಮೇಟ್ರನ್ ತಲೆಯೆತ್ತಲಿಲ್ಲ. ಶಾಲು ಹೊದ್ದ ಶಾಂತಾಬಾಯಿ ಮೈಕಿನ ಮುಂದೆ ನಿಂತು, "ನಾ ಏನೂ ಕಲಿಸಿಲ್ರಿ. ತಿಳೀಲಿಲ್ಲಂದ್ರ ಯಾವ ನೀರ ಅಂತ ಕೇಳಬೇಕು, ಅಷ್ಟ" ಎಂದು ಇಳಿದುಬಿಟ್ಟಳು.

ಚಹಾದ ಹೊತ್ತಿಗೆ ಮೇಟ್ರನ್ ನನ್ನ ಬಳಿ ಬಂದರು. ನಾಳೆಯಿಂದ ಕಳಿಸಿ, ಆದರೆ ದಿನಾ ಮೊದಲ ಅರ್ಧ ಗಂಟೆ ಎಲ್ಲರೂ ಶಾಂತಾಬಾಯಿಯ ಹತ್ತಿರ ಕೂರಬೇಕು ಎಂದರು. ನನಗೆ ಅಲ್ಲೇ ಅಳು ಬಂತು.

ರೋಗಿಯ ಮಾತು ಕಿವಿಗೆ ಬಿದ್ದರೆ ಸಾಲದು, ಅರ್ಥವಾಯಿತೇ ಎಂದು ಕೇಳಿಯೇ ತಿಳಿಯಬೇಕು. ಮೂವತ್ತು ವರ್ಷ ಪಾಠ ಹೇಳಿದ ನಾನು ಇದನ್ನು ಕಲಿತದ್ದು ಆಯಾ ಒಬ್ಬಳಿಂದ. ಕೆಲವು ತಿಂಗಳ ಮೇಲೆ ಅದೇ ವಾರ್ಡಿನಲ್ಲಿ ಕಲಬುರಗಿಯ ಬಸುರಿಯೊಬ್ಬಳು "ನೀರ ಆಗ್ಯಾವ್ರಿ" ಅಂದಳು. ನೇಹಾ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಅವಳ ಪಕ್ಕ ಕೂತಳು. ಅವಳ ಬಾಯಲ್ಲಿ ನಾನು ಕನ್ನಡ ಕೇಳಿದ್ದು ಅದೇ ಮೊದಲು.

"ಯಾವ ನೀರ, ಅಕ್ಕಾ?"

ಆಕೆ ನಕ್ಕು ಖಾಲಿ ಬಾಟಲಿ ತೋರಿಸಿದಳು.