ಎಕ್ಕೆ ಎಲೆ ಕಟ್ಟಿದ ಮೊಣಕಾಲು

ನಮ್ಮವ್ವ ಹತ್ತಿ ಹೊಲದಲ್ಲಿ ಬಿದ್ದದ್ದು ಎಂಬತ್ತರ ದಶಕದ ನಡುವೆ, ಒಂದು ಬೇಸಿಗೆಯ ಆರಂಭದಲ್ಲಿ. ಯರಗುಪ್ಪಿ ಕಡೆಯ ಎರೆಹೊಲ ಆ ಹೊತ್ತಿಗೆ ಪಾದ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಹತ್ತಿ ಬಿಡಿಸುತ್ತ ಹಿಂದೆ ಸರಿದವಳ ಕಾಲು ಅದರಲ್ಲಿ ಸಿಕ್ಕಿ, ಎಡಮಗ್ಗುಲಿಗೆ ಧಪ್ಪನೆ ಬಿದ್ದಳು. ಎದ್ದವಳು ಮೊದಲು ಉಡಿಯಲ್ಲಿನ ಹತ್ತಿ ಚೆಲ್ಲಿದೆಯೇ ಎಂದು ನೋಡಿಕೊಂಡಳು.

"ಪೆಟ್ಟಾತೇನಬೇ?" ಎಂದೆ, ಪಕ್ಕದ ಸಾಲಿನಿಂದ.

"ಏನೂ ಆಗಿಲ್ಲ. ಕೈ ಆಡಸು ನೀ."

ಸಂಜೆಯವರೆಗೂ ಬಿಡಿಸಿದಳು.

ವಾರ ಕಳೆಯುವುದರೊಳಗೆ ಅವಳ ನಡಿಗೆ ಬೇರೆಯಾಯಿತು. ಹೊಸ್ತಿಲು ದಾಟುವಾಗ ಸೀರೆಯ ನಿರಿಗೆ ಹಿಡಿದು ಕಾಲನ್ನು ಕೈಯಿಂದಲೇ ಎತ್ತಿ ಆಚೆ ಇಡುತ್ತಿದ್ದಳು. ಒಲೆಯ ಮುಂದೆ ಮಣೆಯ ಮೇಲೆ ಕೂರಲಾಗದೆ ನಿಂತೇ ರೊಟ್ಟಿ ಬಡಿಯಲು ನೋಡಿದಳು. ಬೆಳಿಗ್ಗೆ ತಂಬಿಗೆ ಹಿಡಿದು ಬಯಲಿಗೆ ಹೋದರೆ ಬರಲು ಬಹಳ ಹೊತ್ತಾಗುತ್ತಿತ್ತು. ಹಾದಿಯಲ್ಲಿ ಸಿಕ್ಕವರು ಕೇಳಿದರೆ "ಮೊಣಕಾಲು ಹಿಡದೈತಿ" ಎನ್ನುತ್ತಿದ್ದಳು. ಓಣಿಯ ಹೆಂಗಸರು ಎಕ್ಕೆ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ, ಅವಳ ಮೊಣಕಾಲಿಗೆ ಕಟ್ಟಿದರು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವ್ವ ನನ್ನ ಕೈ ಹಿಡಿದು, ಸೀರೆಯ ಮೇಲಿಂದಲೇ, ಹೊಟ್ಟೆಯೂ ತೊಡೆಯೂ ಕೂಡುವ ಸಂದಿನಲ್ಲಿ ಇಟ್ಟಳು.

"ಇಲ್ಲಿ," ಎಂದಳು. "ಇಲ್ಲಿಂದ ಇಳದು ಮೊಣಕಾಲಿಗೆ ಬರತೈತಿ. ಡಾಕ್ಟರ ಮುಂದ ಮೊಣಕಾಲಂತ ಅಷ್ಟ ಹೇಳು. ನಿಮ್ಮ ಕಾಕಾ ಬಾಜೂಕ ನಿಂತಿರತಾನ."

ಆ ಜಾಗಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. ಹೆಂಗಸಿಗೆ ಟೊಂಕದ ಕೆಳಗೆ ಇದ್ದದ್ದು ಒಂದೇ, ಕಾಲು. ಎತ್ತಿನ ವಿಷಯವಾದರೆ ಇದೇ ಅವ್ವನಿಗೆ ಯಾವ ಸಂಕೋಚವೂ ಇರಲಿಲ್ಲ. ಎತ್ತು ಕುಂಟಿದರೆ ಗೊರಸು ನೋಡುತ್ತ ಕುಳಿತ ಗಂಡಸರನ್ನು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು: "ಕೆಳಗೇನ ನೋಡತೀರಿ, ಮ್ಯಾಲಿನ ಸಂದು ಮುಟ್ಟಿ ನೋಡ್ರಿ!" ಅವಳು ಹೇಳಿದ್ದು ಬಹಳ ಸಲ ಸರಿಯಿರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ದವಾಖಾನೆ, ಕಚೇರಿ ಎಲ್ಲಕ್ಕೂ ಕಾಕಾನೇ ನಮ್ಮ ಜೊತೆ ಬರುತ್ತಿದ್ದ. ಬಸ್ಸಿನಲ್ಲಿ ಕುಂದಗೋಳಕ್ಕೆ ಹೋದೆವು. ಡಾಕ್ಟರು ಒಳ್ಳೆಯವರು. ಅವಸರ ಮಾಡಲಿಲ್ಲ. ಮೊಣಕಾಲನ್ನು ಒತ್ತಿ, ಮಡಚಿ ನೋಡಿದರು. ಬಾವಿಲ್ಲ, ಬಿಸಿಯಿಲ್ಲ ಎಂದು ಹುಬ್ಬುಗಂಟಿಕ್ಕಿದರು. ತೊಡೆಯನ್ನು ತಿರುಗಿಸಿ ನೋಡಲು ಕೈ ಚಾಚಿದಾಗ ಅವ್ವ ಸೀರೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ಅವರು ಕೈ ಹಿಂದೆಗೆದು ನನ್ನ ಕಡೆ ತಿರುಗಿದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಮನೆಯ ಶಾಣ್ಯಾಕಿ.

"ಬಿದ್ದಿದ್ರೇನು ಇವರು?"

"ಹೌದ್ರಿ, ಸಣ್ಣಂಗ."

"ಮೊಣಕಾಲು ಬಿಟ್ಟು ಬ್ಯಾರೆ ಎಲ್ಲೆರ ನೋವೈತೇನವಾ? ನೆನಪ ಮಾಡಿ ಹೇಳು."

ಅವ್ವ ನೆಲ ನೋಡುತ್ತಿದ್ದಳು. ಕಾಕಾ ಬಾಗಿಲ ಹತ್ತಿರ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಡಾಕ್ಟರನ್ನು ಹೊರಗೆ ಕರೆದು ಹೇಳಬಹುದಿತ್ತು, ಚೀಟಿಯಲ್ಲಿ ಬರೆದು ಕೊಡಬಹುದಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನ್ನ ಮುಖ ಬಿಸಿಯಾಯಿತು.

"ಇಲ್ರಿ," ಎಂದೆ.

ವಾತವಿರಬಹುದೆಂದು ಗುಳಿಗೆ ಬರೆದುಕೊಟ್ಟರು. ಕಡಿಮೆಯಾಗದಿದ್ದರೆ ಎಂಟು ದಿನಕ್ಕೆ ತಪ್ಪದೆ ಬನ್ನಿ ಎಂದರು. ಗುಳಿಗೆಯಿಂದ ನೋವು ಸ್ವಲ್ಪ ತಗ್ಗಿತು. ನಾವು ಹೋಗಲಿಲ್ಲ. ತಗ್ಗಿತೆಂದು ಅವ್ವ ಕೊಡ ಹೊತ್ತಳು, ಹಿಟ್ಟಿನ ಬುಟ್ಟಿ ಹೊತ್ತಳು.

ಇಪ್ಪತ್ತು ದಿನವಾಗಿರಬೇಕು. ನೀರಿನ ಕೊಡ ಇಳಿಸುವಾಗ ಅವ್ವ ನಿಂತಲ್ಲೇ ಕುಸಿದಳು. ಎಡವಲಿಲ್ಲ, ಜಾರಲಿಲ್ಲ. ಚಾಪೆಯ ಮೇಲೆ ಮಲಗಿಸಿದಾಗ ಎಡಪಾದ ಹೊರಗಡೆಗೆ ವಾಲಿ ಬಿದ್ದಿತ್ತು. ಎರಡೂ ಹಿಮ್ಮಡಿ ಜೋಡಿಸಿ ನೋಡಿದೆ. ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ತೊಡೆಯ ಎಲುಬು ಟೊಂಕದ ಗುಣಿಯಲ್ಲಿ ಕೂಡುವ ಕಡೆ, ಅದರ ಕುತ್ತಿಗೆಯೇ ಮುರಿದು ಸರಿದಿತ್ತು.

"ಮೊದಲ ತೊಡಿಸಂದ್ಯಾಗ ನೋವು ಇತ್ತೇನು?" ಎಂದು ಕೇಳಿದರು.

ಈ ಸಲ ಕಾಕಾನ ಎದುರಿಗೇ ಹೇಳಿದೆ. "ಇತ್ರಿ. ಬಿದ್ದ ದಿನದಿಂದ ಇತ್ತು."

"ಈ ಸಂದಿನ ನೋವು ಬಾಳ ಸಲ ಮೊಣಕಾಲಿನಾಗ ಕಾಣಸ್ತೈತಿ. ಆಗ ಎಲುಬು ಬರೇ ಬಿರುಕು ಬಿಟ್ಟಿರಬೇಕು. ಆವಾಗ ಗೊತ್ತಾಗಿದ್ರ ಮೊಳಿ ಹಾಕಿ ಕೂಡಸಬಹುದಿತ್ತು."

ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಪರೇಷನ್ ಆಯಿತು, ಆದರೆ ಎಲುಬು ಕೂಡಲಿಲ್ಲ. ಅವ್ವ ಹೊಲದ ಹಾದಿ ಮತ್ತೆ ತುಳಿಯಲಿಲ್ಲ. ಬಡಿಗೆ ಹಿಡಿದು ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಒಲೆಗೆ, ಅಷ್ಟೇ ಅವಳ ಊರಾಯಿತು.

ಇಷ್ಟಾದರೂ ಕೇಳಿದವರಿಗೆಲ್ಲ "ಮೊಣಕಾಲು ಕೆಡ್ತು" ಎಂದೇ ಹೇಳುತ್ತಿದ್ದಳು. ಪಾಪ, ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಏನೂ ಆಗದ ಆ ಮೊಣಕಾಲನ್ನು ಅವ್ವ ಅವರ ಮುಂದೆ ಚಾಚಿಕೊಂಡು ಕೂರುತ್ತಿದ್ದಳು. ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ.

ಮರುವರ್ಷ ಹತ್ತಿ ಒಡೆದ ಕಾಲ. ಉಡಿ ಕಟ್ಟಿಕೊಂಡ ಹೆಂಗಸರು ನಮ್ಮ ಮನೆಯ ಮುಂದೆ ಹಾದುಹೋದರು. ಅವರು ಓಣಿಯ ತಿರುವು ದಾಟುವವರೆಗೂ ಅವ್ವ ನೋಡಿದಳು. ನಾನು ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತೆ. ಅವಳು ಸೀರೆ ಸರಿಸಲಿಲ್ಲ.

"ನಾ ಹೇಳಬ್ಯಾಡ ಅಂದಿದ್ದೆ, ಖರೆ," ಎಂದಳು. "ನೀನರ ಹೇಳಬೇಕಿತ್ತವಾ."

ಎಣ್ಣೆಯ ಬಟ್ಟಲನ್ನು ಒಳಗೆ ಒಯ್ದು ಇಟ್ಟೆ.